ಅಪ್ಪನ ರಕ್ತದ ತಾಳಿಕೆ

ಪ್ರಯೋಗಾಲಯ, ಎರಡನೇ ಮಹಡಿ
ಜೂನ್ ೧೪, ಶುಕ್ರವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ನಿನಗೆ ಆಗಿಬರುವುದಿಲ್ಲ. ಹತ್ತಿಳಿಯುವುದನ್ನು ಕಡಿಮೆ ಮಾಡು ಎಂದರೆ ನೀನು ಕೇಳುವವಳೂ ಅಲ್ಲ. ನಾವು ಚೆನ್ನಾಗಿದ್ದೇವೆ. ಅಪ್ಪ ಸ್ವಲ್ಪ ಹೆಚ್ಚೇ ಚೆನ್ನಾಗಿದ್ದಾರೆ, ತೊಂದರೆ ಶುರುವಾದದ್ದೇ ಅಲ್ಲಿ.

ನೀವಿಬ್ಬರೂ ನಮ್ಮ ಅಧ್ಯಯನಕ್ಕೆ ಮಾತ್ರೆ ನುಂಗಿ ರಕ್ತ ಕೊಟ್ಟಿದ್ದಿರಲ್ಲ, ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟನ್ನು ಈ ವಾರ ಬಿಚ್ಚಿದೆವು. ಅರ್ಧ ಜನಕ್ಕೆ ವಿಟಮಿನ್ ಇ, ಉಳಿದವರಿಗೆ ಸತ್ವವಿಲ್ಲದ ಎಣ್ಣೆಯ ಮಾತ್ರೆ. ರಕ್ತದಲ್ಲಿ ಕೊಬ್ಬನ್ನು ಹೊತ್ತು ತಿರುಗುವ ಕಣಗಳಿವೆ. ಅವನ್ನು ಬೇರ್ಪಡಿಸಿ ಗಾಜಿನ ನಳಿಕೆಯಲ್ಲಿ ಚೂರು ತಾಮ್ರ ಬೆರೆಸಿದರೆ ಹಳೆಯ ಎಣ್ಣೆ ಕಮಟು ಹಿಡಿಯುವ ಹಾಗೆ ಕೆಡುತ್ತವೆ. ವಿಟಮಿನ್ ಇ ಇದ್ದರೆ ಮೊದಲು ತಾನು ಸವೆದು ಅಷ್ಟು ಹೊತ್ತು ಕೊಬ್ಬನ್ನು ಕಾಯುತ್ತದೆ. ನಳಿಕೆಯ ಆಚೆ, ಮನುಷ್ಯನೊಳಗೆ, ಇದರಿಂದ ಏನುಪಯೋಗವೋ ನನಗಿನ್ನೂ ಗೊತ್ತಿಲ್ಲ. ಇಷ್ಟು ವರ್ಷ ಇದನ್ನೇ ನೋಡುತ್ತ ಕೂತವನು ಹೀಗೆ ಬರೆಯಬಾರದು.

ಪಟ್ಟಿಯ ಪ್ರಕಾರ ನಿನ್ನದು ವಿಟಮಿನ್, ಅಪ್ಪನದು ಬರೀ ಎಣ್ಣೆ. ಆದರೆ ನಿನ್ನ ಕೊಬ್ಬು ಕೂಡಲೇ ಕೈಕೊಟ್ಟಿತು. ಅಪ್ಪನದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅಪ್ಪ ಕ್ಷೌರದಂಗಡಿಗೆ ಹೋಗಿ "ನಮ್ಮ ವಂಶದ ರಕ್ತದ ಮುಂದೆ ತಾಮ್ರಾನೂ ಸೋಲುತ್ತೆ ಕಣಪ್ಪ" ಎಂದು ಹೇಳಿ ಬಂದರು. ನಮ್ಮ ಮುಖ್ಯಸ್ಥರಿಗೆ ವಂಶದಲ್ಲಿ ಅಷ್ಟು ನಂಬಿಕೆಯಿಲ್ಲ. ಡಬ್ಬಿ ತುಂಬಿ ಚೀಟಿ ಅಂಟಿಸುವ ಫಾರ್ಮಸಿಯಾಕೆ ಅದಲುಬದಲು ಮಾಡಿದ್ದಾಳೆಂದು ಅವಳನ್ನು ಕೆಲಸದಿಂದ ತೆಗೆಯಲು ಹೊರಟರು. "ನನ್ನ ಮದುವೆ ದಿನ ಮರೆತೇನು ಸರ್, ಚೀಟಿ ತಪ್ಪಲ್ಲ" ಅಂದಳು ಅವಳು.

ನಿನ್ನೆ ಸಂಜೆ ಅಪ್ಪನನ್ನು ಕೂರಿಸಿ ಕೇಳಿದೆ. ದಿನವೂ ಊಟವಾದ ಮೇಲೆ ನೀನು ನಿನ್ನ ಮಾತ್ರೆಯನ್ನು ಅವರಿಗೆ ಕೊಟ್ಟು, ಲೆಕ್ಕ ತಪ್ಪಬಾರದೆಂದು ಅವರದನ್ನು ನೀನು ನುಂಗುತ್ತಿದ್ದೆಯಂತೆ. "ಹೆತ್ತ ಮಗ ತಾಯಿಗೆ ಸುಳ್ಳು ಮಾತ್ರೆ ಕೊಡ್ತಾನಾ? ನಂದೇ ನಿಜವಾದ್ದು. ನೀವು ತಗೊಳ್ಳಿ, ಎದೆ ಹಿಡ್ಕೊಂಡು ಕೂರೋರು ನೀವು" ಅಂದೆಯಂತೆ. ಯಾರಿಗೆ ಯಾವುದೆಂದು ನನಗೂ ಗೊತ್ತಿರಲಿಲ್ಲ, ಅಮ್ಮಾ. ನಿನ್ನ ತರ್ಕ ಪೂರ್ತಿ ತಪ್ಪು, ಉತ್ತರ ಸರಿ. ನಮ್ಮ ವಿಜ್ಞಾನದಲ್ಲೂ ಇದು ಅಪರೂಪವೇನಲ್ಲ. ಇಷ್ಟೆಲ್ಲ ಗೊತ್ತಿದ್ದೂ ವಂಶದ ಮಾತೆತ್ತಿದಿರಲ್ಲ ಎಂದರೆ ಅಪ್ಪ ಕನ್ನಡಕ ಒರೆಸತೊಡಗಿದರು.

ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತಿರು. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ಮುಟ್ಟಿಸು.

ನಿನ್ನ ಕಿರಿಮಗ

ತಾ.ಕ.: ಈಗಷ್ಟೇ ಅಪ್ಪ ಇಲ್ಲಿಗೇ ಬಂದು, ಹೆಂಡತಿಗೆ ಗೊತ್ತಾಗದ ಹಾಗೆ ಮಾತ್ರೆ ಬದಲಾಯಿಸಿದ ಕಳ್ಳ ತಾನೇ ಎಂದು ಮುಖ್ಯಸ್ಥರ ಮುಂದೆ ಒಪ್ಪಿಕೊಂಡುಬಿಟ್ಟರು. ಸೋಮವಾರ ನೀನು ಬಂದೊಡನೆ ನಿನ್ನನ್ನೂ ಕೇಳುತ್ತಾರೆ. ಇಬ್ಬರೂ ಬೇರೆಬೇರೆ ಹೇಳಿದರೆ ಯಾರ ಮಾತನ್ನೂ ನಂಬುವುದಿಲ್ಲ, ಫಾರ್ಮಸಿಯಾಕೆಯ ಕೆಲಸ ಹೋದಂತೆಯೇ. ನಿಜ ಹೇಳಿಬಿಡೋಣ ಎಂದರೆ ಅಪ್ಪ ಒಪ್ಪುತ್ತಿಲ್ಲ, ನಿನ್ನ ಹೆಸರು ಬರಬಾರದಂತೆ. ಬಾಗಿಲಲ್ಲಿ ನಿಂತು ಬರೆಸುತ್ತಿದ್ದಾರೆ: "ಜನ್ಮದಲ್ಲಿ ಒಂದು ಸಲ ನಾನು ಹೇಳಿದ್ದಕ್ಕೆ ಹೂಂ ಅನ್ನು ಅಂತ ಅವಳಿಗೆ ಹೇಳೋ."