ಡಬ್ಬಿ ಎಲ್ಲಿಡುವುದು?

ಪಂಕಜಾಕ್ಷಿ,

ನೀನು ಹೂ ಕೊಯ್ದು ಬರುವಷ್ಟರಲ್ಲಿ ಕುಂದಾಪುರದ ಬಸ್ಸು ಹೋಗಿಬಿಡುತ್ತದೆ, ಅದಕ್ಕೇ ಬರೆದಿಟ್ಟಿದ್ದೇನೆ.

ಮಕ್ಕಳಿಗೆಂದು ಇಟ್ಟ ಮದ್ದಿನ ಡಬ್ಬಿ ತೆಗೆದು ನೋಡಿ ನನ್ನ ತಲೆಯೇ ಕೆಟ್ಟಿತು. ಈ ಯುದ್ಧದ ಕಾಲದಲ್ಲಿ ಅಲೆದಾಡಿ ತಂದ ಟಿಂಚರ್ ಅರ್ಧಕ್ಕೆ ಬಂದಿದೆ, ಹತ್ತಿ ಮುಗಿದಿದೆ, ಪಟ್ಟಿಬಟ್ಟೆಯೂ ಕಾಣುವುದಿಲ್ಲ. ಸುಗುಣಾ, ಉದಯ ಇಬ್ಬರ ಮೈಮೇಲೂ ಒಂದು ಗೀರಿಲ್ಲ. ಕುಡಿದುಬಿಟ್ಟರೋ ಎಂದು ಇಬ್ಬರ ಬಾಯಿಯನ್ನೂ ಮೂಸಿ ನೋಡಿದೆ, ಅದೂ ಇಲ್ಲ. ನೀನು ಮುಟ್ಟಿದ್ದರೆ ನನಗೆ ಹೇಳದೆ ಇರುವವಳಲ್ಲ. ಅಮ್ಮನನ್ನು ಕೇಳುವ ಹಾಗೇ ಇಲ್ಲ. "ಆ ಸಾರಾಯಿ ವಾಸ್ನಿ ಮದ್ದ್ ಒಳ್ಗ್ ಬಪ್ಪುಕಾಗ" ಎಂದು ಡಬ್ಬಿಯನ್ನು ಜಗಲಿಗೆ ಹಾಕಿಸಿದವಳೇ ಅವಳು.

ಇಷ್ಟು ಬರೆದು ತಲೆ ಎತ್ತಿದರೆ ಅಮ್ಮ ತುಳಸಿಗೆ ಸುತ್ತು ಬರುತ್ತಿದ್ದಾಳೆ. ಒಡೆದ ಹಿಮ್ಮಡಿಗೆ ನಮ್ಮದೇ ಪಟ್ಟಿ, ಅದರ ಅಂಚಿಗೆ ಟಿಂಚರಿನ ಕಲೆ! ನಾನು ಕಂಡದ್ದು ಅವಳಿಗೆ ಗೊತ್ತಿಲ್ಲ. ನೀನೂ ಕೇಳಬೇಡ.

ಈ ಸಲ ದೊಡ್ಡ ಬಾಟಲಿಯೇ ತರುತ್ತೇನೆ. ಆದರೆ ಡಬ್ಬಿಯನ್ನು ಜಗಲಿಯಿಂದ ಎತ್ತಲೇಬೇಕು. ಮಕ್ಕಳ ಕೈಗೆ ಸಿಗಬಾರದು, ಅಮ್ಮನಿಗೆ ಸಿಗಬೇಕು. ಎಷ್ಟು ಯೋಚಿಸಿದರೂ ಮನೆಯಲ್ಲಿ ಅಂಥ ಜಾಗ ಒಂದೇ, ದೇವರ ಕೋಣೆ. ಅಲ್ಲಿಟ್ಟರೆ ಅವಳು ಮನೆಯನ್ನೇ ತೊಳೆಸುತ್ತಾಳೋ, ಕಾಣದವಳ ಹಾಗೆ ಸುಮ್ಮನಿರುತ್ತಾಳೋ? ನನಗಂತೂ ತಿಳಿಯದು. ನೀನೇ ಇಟ್ಟು ನೋಡು.

ಶಾಮರಾಯ