ಗೆದ್ದುಕೊಟ್ಟ ಮನೆ

ಮಾರ್ಚ್ 7, ಮಂಗಳವಾರ

ಲಿಂಕನ್‌ನಿಂದ ಬೆಳಗಿನ ರೈಲು. ಥಾರ್ಸ್‌ಬಿ ಕೋರ್ಟು. ಮನೆ ಖಾಲಿ ಮಾಡಿಸುವ ಕೇಸುಗಳ ದಿನ. ಕಾರಿಡಾರಿನಲ್ಲಿ ಎಂದಿನಂತೆ ತಳ್ಳುಗಾಡಿಗಳು, ಅಳುವ ಕೂಸು, ಕೋಟು ಬಿಚ್ಚದೆ ಕೂತ ಜನ. ಮಧ್ಯಾಹ್ನದೊಳಗೆ ಎರಡು ಮನೆ ಉಳಿಸಿದೆ, ಒಂದು ಹೋಯಿತು. ಮನೆ ಹೋದವಳು ಥ್ಯಾಂಕ್ಸ್ ಹೇಳಿದಳು. ಉಳಿದವರು ಹೇಳಲಿಲ್ಲ. ಯಾವಾಗಲೂ ಹೀಗೇ.

ಕೊನೆಯದು ಆಲ್ವಿನ್ ಸ್ಕೆಲ್ಟನ್. ಅರವತ್ತು ದಾಟಿದೆ. ಹಡಗುಕಟ್ಟೆಯ ಕಾರ್ಖಾನೆಯಲ್ಲಿ ಮೀನು ಸೀಳಿ ಬದುಕಿದವ. ಈಗ ಕೈ ನಡುಕ. ಮೆರಿಡಿಯನ್ ಹೌಸ್, ಒಂಬತ್ತನೇ ಮಹಡಿ, ಹೌಸಿಂಗ್ ಸಂಸ್ಥೆಯ ಬಾಡಿಗೆ ಮನೆ. ಸಂಸ್ಥೆಗೆ ಆತನನ್ನು ಹೊರಗೆ ಹಾಕಬೇಕು. ರಾತ್ರಿ ಗಲಾಟೆ, ಡ್ರಗ್ಸ್ ವ್ಯಾಪಾರ, ಬಾಗಿಲ ಮುಂದೆ ಒಬ್ಬನಿಗೆ ಚೂರಿ, ಮೆಟ್ಟಿಲ ತುಂಬ ರಕ್ತ. ಮನೆಗೆ ಬಂದು ಹೋಗುವವರ ನಡತೆಗೆ ಬಾಡಿಗೆದಾರನೇ ಹೊಣೆ. ಕಾನೂನು ಅಷ್ಟೇ.

ಫೈಲು ತಂದವಳು ಬರ್ನಡೆಟ್ ಕ್ವಿಲ್. ಅವಳು ಸಾಲಿಸಿಟರ್, ಕಾಗದ ಜೋಡಿಸುತ್ತಾಳೆ; ನಾನು ಬ್ಯಾರಿಸ್ಟರ್, ನಿಂತು ಮಾತಾಡುತ್ತೇನೆ. ಹನ್ನೆರಡು ವರ್ಷದಿಂದ ಹೀಗೇ.

“ಬಾಯೇ ಬಿಡ್ತಿಲ್ಲ ಕಣೇ ಹೆಸ್ಟರ್. ನೀನೇ ನೋಡು.”

ಕೂತೆ. ಆತ ಶರ್ಟಿನ ತೋಳು ಕೆಳಗೆಳೆದುಕೊಂಡ. ತಡವಾಗಿತ್ತು. ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಗುರುತು. ತ್ರಿಕೋನ. ಒಂದರ ಮೇಲೊಂದು.

“ಏನಿದು, ಮಿಸ್ಟರ್ ಸ್ಕೆಲ್ಟನ್?”

“ಇಸ್ತ್ರಿ ಪೆಟ್ಟಿಗೆ ತಾಗ್ತು.”

ಶರ್ಟು ನೋಡಿದೆ. ಇಸ್ತ್ರಿ ಕಂಡು ವರ್ಷಗಳಾದ ಶರ್ಟು.

“ನಿಮ್ಮನೇಲಿ ಇಸ್ತ್ರಿ ಪೆಟ್ಟಿಗೆ ಇದೆಯಾ?”

“ಈಗ ಇದೆ. ಅವರು ತಂದ್ರು.”

ಜಡ್ಜ್ ಏಪ್ರಿಲ್ ಕೊನೆಗೆ ವಿಚಾರಣೆ ಹಾಕಿದರು. ಮೀನು ವಾಸನೆಯ ಊರಿನಿಂದ ಹೊರಟು ಮನೆ ಸೇರಿದಾಗ ಊಟ ಬೇಡವೆನಿಸಿತು.


ಮಾರ್ಚ್ 16, ಗುರುವಾರ

ಬರ್ನಡೆಟ್ ಆಫೀಸು. ಸ್ಕೆಲ್ಟನ್ ಮಾತಾಡಿದ. ಕಿಟಕಿ ನೋಡುತ್ತ, ಬೇರೆ ಯಾರದೋ ಕಥೆ ಎಂಬಂತೆ.

“ಡ್ಯಾಕ್ಸ್ ಮೊದಲು ಬಂದಿದ್ದು ಮೀನು-ಚಿಪ್ಸ್ ಹಿಡ್ಕೊಂಡು. ‘ಯಜಮಾನ್ರೇ, ಲಿಫ್ಟ್ ಕೆಟ್ಟಿದೆ, ಒಂಚೂರು ಕೂತ್ಕೊಳ್ಳಾ’ ಅಂದ. ಜೊತೇಲಿ ಕೂತು ರಗ್ಬಿ ನೋಡಿದ್ವಿ. ನನ್ನ ಹೆಂಡ್ತಿ ಹೋದ್ಮೇಲೆ ನನ್ನ ಸೋಫಾ ಮೇಲೆ ಇನ್ನೊಬ್ಬರು ಕೂತಿದ್ದು ಅದೇ ಮೊದಲು ಕಣಮ್ಮ.”

ಮುಂದಿನ ವಾರ ಡ್ಯಾಕ್ಸ್ ಜೊತೆ ಟ್ರೆಂಟ್ ಎಂಬವನು. ಆಮೇಲೆ ಇನ್ನಷ್ಟು ಜನ. ಕೀ ಅವರದಾಯಿತು. ಅಡುಗೆಮನೆ ಅವರ ಅಂಗಡಿಯಾಯಿತು. ಆತನಿಗೆ ಉಳಿದದ್ದು ಬಚ್ಚಲು. ಸ್ನಾನದ ತೊಟ್ಟಿಯಲ್ಲಿ ಕಂಬಳಿ ಹಾಸಿ ಮಲಗುವುದು. ಯಾರಿಗಾದರೂ ಬಚ್ಚಲು ಬೇಕಾದರೆ ಎದ್ದು ಹೊರಗೆ ನಿಲ್ಲುವುದು.

ಒಂದು ದಿನ ಹೇಳಿದನಂತೆ: ಇದು ನನ್ನ ಮನೆ, ಹೊರಡಿ.

“ಟ್ರೆಂಟ್ ಕೈ ಹಿಡ್ಕೊಂಡ. ಡ್ಯಾಕ್ಸ್ ಇಸ್ತ್ರಿ ಪೆಟ್ಟಿಗೆ ಇಟ್ಟ. ಟಿವಿಯಲ್ಲಿ ಜಾಹೀರಾತು ಬರ್ತಿತ್ತು. ಮುಗಿಯೋವರೆಗೂ ತೆಗೀಲಿಲ್ಲ. ಆಮೇಲೆ ‘ಯಾರ ಮನೆ’ ಅಂತ ಕೇಳಿದ. ‘ನಿಮ್ದು’ ಅಂದೆ.”

“ಪೊಲೀಸ್?”

“ಬಂದಿದ್ರು. ಡ್ಯಾಕ್ಸೇ ಬಾಗಿಲು ತೆಗೆದ. ನಾನು ಇವರ ಅಕ್ಕನ ಮಗ ಅಂದ. ಹೌದು ಅಕ್ಕನ ಮಗ ಅಂದೆ.”

“ನಿಮಗೆ ಅಕ್ಕ ಇದ್ದಾರಾ?” ಬರ್ನಡೆಟ್ ಕೇಳಿದಳು.

“ಇಲ್ಲ.”

ಹೇಳಬೇಕಾದ್ದು ಹೇಳಿದೆ. ಇದನ್ನೆಲ್ಲ ಜಡ್ಜ್ ಮುಂದೆ, ಹೆಸರು ಹಿಡಿದು ಹೇಳಬೇಕು. ಹೇಳದಿದ್ದರೆ ಮನೆ ಹೋಗುತ್ತದೆ.

“ಹೇಳಿದ್ರೆ?”

“ಮನೆ ಉಳಿಯೋ ಸಾಧ್ಯತೆ ಇದೆ.”

“ಮನೆ ಉಳಿಯುತ್ತೆ. ನಾನು ಉಳೀತೀನಾ, ಅದು ನನ್ನ ಪ್ರಶ್ನೆ.” ನಕ್ಕ. ಹಲ್ಲು ಎರಡಿಲ್ಲ.

ಒಪ್ಪಿಸಿದೆ. ಟೀ ಎರಡು ಸಲ ಬಂತು. ಮೂರನೆಯದು ಬರುವಷ್ಟರಲ್ಲಿ ಆತ ಸರಿ ಅಂದಿದ್ದ. ಒಪ್ಪಿಸುವುದೇ ಕಸುಬು.


ಏಪ್ರಿಲ್ 26, ಬುಧವಾರ. ಬೆಳಿಗ್ಗೆ

ರೈಲಿನಲ್ಲಿ. ಪ್ರಶ್ನೆಗಳು ಬಾಯಿಪಾಠ. ಎದುರಿಗೆ ಜೈಲ್ಸ್ ಪ್ರೆಂಟಿಸ್, ಸಂಸ್ಥೆಯ ಪರ. ಒಳ್ಳೆಯ ಕೋಟು, ಒಳ್ಳೆಯ ದನಿ. ಫೈಲು ಪೂರ್ತಿ ಓದಿರುವುದಿಲ್ಲ ಅನ್ನುವುದೊಂದೇ ನೆಮ್ಮದಿ.

ಸಂಜೆ. ಆಸ್ಪತ್ರೆ

ಮೂಗು ಮುರಿದಿದೆ. ಬರೆಯಬಹುದು. ಬಲಗೈ ಸರಿಯಾಗಿದೆ.

ಡ್ಯಾಕ್ಸ್ ಕೋರ್ಟಿಗೆ ಬಂದಿದ್ದ. ಹಿಂದಿನ ಬೆಂಚಿನಲ್ಲಿ, ತಲೆ ಬಾಚಿಕೊಂಡು. ಹೊರಗೆ ಕಳಿಸಿ ಎಂದು ಕೇಳಿದೆ. ತೆರೆದ ನ್ಯಾಯಾಲಯ, ಯಾರು ಬೇಕಾದರೂ ಕೂರಬಹುದು, ಅಂದರು ಜಡ್ಜ್. ಸ್ಕೆಲ್ಟನ್ ಸಾಕ್ಷಿಕಟ್ಟೆಯಲ್ಲಿ. ನೀರಿನ ಲೋಟ ಹಿಡಿದರೆ ಅರ್ಧ ಚೆಲ್ಲುತ್ತಿತ್ತು. ಈಗ ಕೈಕೊಡುತ್ತಾನೆ ಅಂದುಕೊಂಡೆ.

“ನಿಮ್ಮ ಕೈ ಸುಟ್ಟವರು ಯಾರು?”

“ಅಲ್ಲಿ ಕೂತಿದ್ದಾನಲ್ಲ, ನೀಲಿ ಶರ್ಟು. ಅವನು.”

ಬೆಂಚು ಬಿದ್ದ ಸದ್ದು. ತಿರುಗುವಷ್ಟರಲ್ಲಿ ಡ್ಯಾಕ್ಸ್ ನನ್ನ ಮೇಜು ಹತ್ತಿ ದಾಟಿದ್ದ. ಸಾಕ್ಷಿಕಟ್ಟೆಯಿಂದ ಮುದುಕನನ್ನು ಕಾಲರ್ ಹಿಡಿದು ಎಳೆದ. ಕಟ್ಟೆಯ ಅಂಚಿಗೆ ಮುಖ ಬಡಿದ. ಒಂದು ಸಲ. ಇನ್ನೊಂದು ಸಲ. ಒದ್ದೆ ಮರಕ್ಕೆ ಕೊಡಲಿ ಬಿದ್ದ ಹಾಗೆ ಸದ್ದು. ಜಡ್ಜ್ ತಮ್ಮ ಬಾಗಿಲಿನಿಂದ ಒಳಗೆ ಹೋದರು. ನಾನು ಅವನ ಬೆನ್ನಿಗೆ ಜೋತುಬಿದ್ದೆ. ಮೊಣಕೈ ಬಂತು, ಮೂಗಿಗೆ. ಬಿಡಲಿಲ್ಲ. ಅವನ ಕೈ ಬಾಯಿಯ ಹತ್ತಿರ ಸಿಕ್ಕಿತು, ಕಚ್ಚಿದೆ. ಚರ್ಮ ಹರಿಯುವವರೆಗೆ ಕಚ್ಚಿದೆ. ಬಿಡಿ ಬಿಡಿ ಎಂದು ಯಾರೋ ನನಗೇ ಕೂಗುತ್ತಿದ್ದರು.

ಜೈಲ್ಸ್. ಅವನು ಡ್ಯಾಕ್ಸ್‌ನ ಕಾಲುಗಳ ಮೇಲೆ ಕೂತಿದ್ದ. ಅಷ್ಟು ಒಳ್ಳೆಯ ಕೋಟಿನಲ್ಲಿ.

“ಹೆಸ್ಟರ್, ಸಾಕು. ಸೆಕ್ಯೂರಿಟಿಯವರು ಬಂದ್ರು. ಹೆಸ್ಟರ್.”

ಬಾಯಲ್ಲಿ ಉಪ್ಪು, ತಾಮ್ರ. ನನ್ನ ರಕ್ತವೋ ಅವನದೋ. ಬರೆದುಬಿಡುತ್ತೇನೆ, ಯಾರೂ ಓದುವುದಿಲ್ಲ — ಸುಖವೆನಿಸಿತು. ಬಿಡಿಸದಿದ್ದರೆ ಬಿಡುತ್ತಿರಲಿಲ್ಲ.

ಪಕ್ಕದ ವಾರ್ಡಿನಲ್ಲಿ ಸ್ಕೆಲ್ಟನ್. ಕೆನ್ನೆಯ ಎಲುಬು, ದವಡೆ. ಹೋಗಿ ನೋಡಿದೆ. ಮಾತಾಡಲಾಗದು. ಹೆಬ್ಬೆರಳು ಎತ್ತಿ ತೋರಿಸಿದ.


ಏಪ್ರಿಲ್ 28, ಶುಕ್ರವಾರ

ಸಂಸ್ಥೆಯ ಅರ್ಜಿ ವಜಾ. ಜಡ್ಜ್ ಕಣ್ಣಾರೆ ನೋಡಿದ್ದರಲ್ಲ. ಡ್ಯಾಕ್ಸ್ ಒಳಗೆ, ಸದ್ಯಕ್ಕೆ ಬರುವುದಿಲ್ಲ. ಸಂಸ್ಥೆ ಹೊಸ ಬಾಗಿಲು ಹಾಕಿಸಿಕೊಡಬೇಕು; ಅದು ಬಂದರೆ ಮನೆ ಸುರಕ್ಷಿತ ಎಂದು ನಾನೇ ಬರೆದು ವಾದಿಸಿದ್ದೆ. ಟ್ರೆಂಟ್ ಎಲ್ಲಿದ್ದಾನೋ ಗೊತ್ತಿಲ್ಲ.

ಬರ್ನಡೆಟ್ ಶಾಂಪೇನ್ ತಂದಳು. ಮೂಗಿನ ತುಂಬ ಬ್ಯಾಂಡೇಜು. ಸ್ಟ್ರಾ ಹಾಕಿ ಕುಡಿದೆ.


ಮೇ 19, ಶುಕ್ರವಾರ

ಚೇಂಬರ್ಸ್‌ಗೆ ಒಂದು ಪಾರ್ಸೆಲ್. ಹೊಗೆಯಲ್ಲಿಟ್ಟ ಹ್ಯಾಡಕ್ ಮೀನು, ಪತ್ರಿಕೆಯಲ್ಲಿ ಸುತ್ತಿದ್ದು. ಇಡೀ ಆಫೀಸು ನಾರಿತು. ಸ್ಕೆಲ್ಟನ್‌ಗೆ ಫೋನ್ ಮಾಡಿದೆ.

“ಹೊಸ ಬಾಗಿಲು ಹೇಗಿದೆ?”

“ಬ್ಯಾಂಕಿನ ಬಾಗಿಲಿದ್ದ ಹಾಗಿದೆ ಕಣಮ್ಮ.”

“ಈಗ ಮಂಚದ ಮೇಲೆ ಮಲಗ್ತೀರಾ?”

“ತೊಟ್ಟೀನೇ ಅಭ್ಯಾಸ ಆಗಿಬಿಟ್ಟಿದೆ.” ನಗು. “ಬಚ್ಚಲಿಗೆ ಚಿಲಕ ಇದೆ ನೋಡಿ.”


ಜೂನ್ 20, ಮಂಗಳವಾರ

ಬರ್ನಡೆಟ್ ಫೋನ್. ನಾನು ಬೇರೆ ಊರಿನ ಕೋರ್ಟಿನಲ್ಲಿ, ಗಿಲಾವು ಬಿದ್ದ ಮನೆಯ ಕೇಸು.

“ಕೂತಿದ್ದೀಯಾ? ಕೂತ್ಕೋ.”

ಟ್ರೆಂಟ್ ಬಂದಿದ್ದ. ಸುತ್ತಿಗೆ ಹಿಡಿದು. ಟ್ರೆಂಟ್ ಸತ್ತ. ಬಚ್ಚಲ ಬಾಗಿಲಿನಲ್ಲಿ, ಹೊಟ್ಟೆಯಿಂದ ಎದೆಯವರೆಗೆ ಸೀಳಿಸಿಕೊಂಡು. ಸ್ಕೆಲ್ಟನ್ ತಾನೇ ಪೊಲೀಸಿಗೆ ಫೋನ್ ಮಾಡಿ ಮೆಟ್ಟಿಲ ಮೇಲೆ ಕೂತಿದ್ದನಂತೆ. ಕೊಲೆ ಆರೋಪ.

ಗಿಲಾವು ಕೇಸು ಗೆದ್ದೆ. ಏನು ವಾದಿಸಿದೆನೋ ನೆನಪಿಲ್ಲ.


ಜುಲೈ 4, ಮಂಗಳವಾರ

ಜೈಲು. ಕೊಲೆ ಕೇಸು ಬೇರೆಯವರು ನೋಡುತ್ತಾರೆ, ಅದು ನನ್ನ ಕ್ಷೇತ್ರವಲ್ಲ. ಸಂಸ್ಥೆ ಮತ್ತೆ ಅರ್ಜಿ ಹಾಕಿದೆ, ಮನೆಯೊಳಗೇ ಕೊಲೆ ಎಂದು. ಅದು ನನ್ನದು. ಬರ್ನಡೆಟ್‌ಗೆ ನೆಗಡಿ, ಒಬ್ಬಳೇ ಹೋದೆ.

ಸ್ಕೆಲ್ಟನ್‌ನ ಎಡಭುಜಕ್ಕೆ ಪಟ್ಟಿ. ಸುತ್ತಿಗೆ ಬಿದ್ದ ಜಾಗ. ಆದರೆ ಮುಖ ತುಂಬಿಕೊಂಡಿತ್ತು. ಶೇವ್ ಮಾಡಿದ್ದ.

“ಬಾಗಿಲು ಗಟ್ಟಿ ಇತ್ತಲ್ಲ,” ಅಂದೆ.

“ಬಾಗಿಲು ಹೊಸದು. ಚೌಕಟ್ಟು ಹಳೇದು. ಮೂರನೇ ಏಟಿಗೆ ಚೌಕಟ್ಟು ಸಮೇತ ಒಳಗೆ ಬಂತು.” ಮೇಜಿನ ಮೇಲೆ ಬೆರಳಿನಿಂದ ಬಾಗಿಲು ಬರೆದು ತೋರಿಸಿದ. “ಬಚ್ಚಲ ಚಿಲಕ ಎಷ್ಟು ಹೊತ್ತು ತಡೆಯುತ್ತೆ? ಸುತ್ತಿಗೆ ಭುಜಕ್ಕೆ ಬಿತ್ತು. ಎರಡನೇದು ತಲೆಗೆ ಅಂತ ಗೊತ್ತಿತ್ತು. ಚಾಕು ತೊಟ್ಟೀಲೇ ಇತ್ತು, ಪಕ್ಕದಲ್ಲೇ ಇಟ್ಕೊಂಡು ಮಲಗ್ತಿದ್ದೆ. ಕಾರ್ಖಾನೆ ಚಾಕು.”

ಪೆನ್ನಿಗೆ ಮುಚ್ಚಳ ಹಾಕಿದೆ.

“ನಿಮಗೊಂದು ಹೇಳ್ಲಾ? ಕೈ ನಡುಗಲಿಲ್ಲ. ಒಂದು ಗ್ಲಾಸು ನೀರು ಎತ್ತೋಕಾಗಲ್ಲ ನನಗೆ. ಅವತ್ತು ನಡುಗಲಿಲ್ಲ. ಮೀನಿಗೆ ಎಲ್ಲಿ ಇಡಬೇಕೋ ಅಲ್ಲೇ ಇಟ್ಟು ಎಳೆದೆ. ಅವನು ಕೂತ್ಕೊಂಡ. ನನ್ನ ಮುಖ ನೋಡಿ, ‘ಯಜಮಾನ್ರೇ’ ಅಂದ. ಅಷ್ಟೇ.”

ಮನೆಯ ಮಾತೆತ್ತಿದೆ. ಹೋರಾಡುತ್ತೇನೆ, ಬಿಡುವುದಿಲ್ಲ ಅಂದೆ.

“ಬೇಡ ಬಿಡಿ.”

“ಏನು ಬೇಡ?”

“ಇಲ್ಲಿ ಸಂಜೆ ಬಾಗಿಲು ಹಾಕ್ತಾರೆ. ಕಬ್ಬಿಣದ್ದು. ಚೌಕಟ್ಟೂ ಕಬ್ಬಿಣದ್ದೇ. ಬೆಳಿಗ್ಗೆವರೆಗೂ ಯಾರೂ ತೆಗೆಯಂಗಿಲ್ಲ.” ಕಣ್ಣು ಒರೆಸಿಕೊಂಡ. “ನಾನು ನಿದ್ದೆ ಮಾಡ್ತಿದ್ದೀನಿ ಕಣಮ್ಮ.”

ವಾಪಸು ರೈಲಿನಲ್ಲಿ ‘ಮನೆ ಬೇಡ’ ಎಂಬುದನ್ನು ಕಕ್ಷಿದಾರನ ಸೂಚನೆ, ನಾನು ಮೀರುವಂತಿಲ್ಲ ಎಂದು ಬರೆದುಕೊಳ್ಳಬೇಕಿತ್ತು. ಭಯದಲ್ಲಿ ಆಡಿದ ಮಾತು ಎಂದು ಬರೆದುಕೊಂಡೆ.


ನವೆಂಬರ್ 30, ಗುರುವಾರ

ಖುಲಾಸೆ. ಆತ್ಮರಕ್ಷಣೆ. ಜ್ಯೂರಿ ಊಟದ ಹೊತ್ತಿಗೇ ಹೊರಗೆ ಬಂತು. ಟ್ರೆಂಟ್‌ನ ತಾಯಿ ಗ್ಯಾಲರಿಯಲ್ಲಿ ಎದ್ದುನಿಂತಳು. ಬಯ್ಯುತ್ತಾಳೆಂದುಕೊಂಡೆ. ಬಾಯಿ ತೆರೆದಳು. ಅವಳನ್ನು ಇಬ್ಬರು ಹಿಡಿದುಕೊಂಡು ಹೋದರು.

ಸಂಸ್ಥೆ ಅರ್ಜಿ ಹಿಂತೆಗೆದುಕೊಂಡಿತು. ಜೈಲ್ಸ್ ಫೋನ್ ಮಾಡಿದ: “ಎರಡು ಸಲ ಗೆದ್ದೆ ಕಣಮ್ಮ ಅದೇ ಮನೇನ. ಆ ಕಾಗದಕ್ಕೆ ಫ್ರೇಮ್ ಹಾಕಿಸ್ಕೋ.”


ಡಿಸೆಂಬರ್ 5, ಮಂಗಳವಾರ

ಮೆರಿಡಿಯನ್ ಹೌಸ್. ಸ್ಕೆಲ್ಟನ್, ಬರ್ನಡೆಟ್, ನಾನು. ಲಿಫ್ಟ್ ನಡೆಯುತ್ತಿತ್ತು. ಆತ ಒಳಗೆ ಕಾಲಿಡಲಿಲ್ಲ.

ನಾವಿಬ್ಬರೇ ಹೋಗಿ ನೋಡಿದೆವು. ಚೌಕಟ್ಟಿಗೆ ಹಲಗೆ ಬಡಿದಿದ್ದಾರೆ. ಬಚ್ಚಲು ತೊಳೆದಿದ್ದಾರೆ, ಟೈಲ್ಸ್ ಸಂದಿಯಲ್ಲಿ ಮಾತ್ರ ಕಂದು ಗೆರೆ ಉಳಿದಿದೆ. ಬಾಗಿಲ ಮೇಲೆ ಯಾರೋ ಹೊಸದಾಗಿ ಗೀಚಿದ್ದರು: *ಬರ್ತೀವಿ.*

ಕೆಳಗೆ ಬಂದೆವು. ಆತ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ.

“ಗೀಚಿದ್ದಾರೆ ಅಲ್ವಾ?”

“ಪೊಲೀಸಿಗೆ ಹೇಳ್ತೀವಿ,” ಅಂದಳು ಬರ್ನಡೆಟ್.

“ಹೇಳಿ.” ಜೇಬಿನಿಂದ ಕೀ ತೆಗೆದ.

ವಿವರಿಸಿದೆ. ನಿಧಾನವಾಗಿ, ಎರಡು ಸಲ. ಇರುವ ಮನೆಯನ್ನು ತಾನಾಗಿ ಬಿಟ್ಟರೆ, ಬೇಕೆಂದೇ ಮನೆ ಕಳೆದುಕೊಂಡವನು ಅಂತ, ಮನೆಯಿಲ್ಲದವರಿಗೆ ಮನೆ ಕೊಡುವ ಊರಿನ ಕೌನ್ಸಿಲ್ ಬರೆಯುತ್ತದೆ. ಆಮೇಲೆ ಅವರು ಬೇರೆ ಮನೆ ಕೊಡಬೇಕಾಗಿಲ್ಲ. ರಸ್ತೆ ಪಾಲು.

“ಅರ್ಥ ಆಯ್ತಾ, ಮಿಸ್ಟರ್ ಸ್ಕೆಲ್ಟನ್?”

“ಆಯ್ತು. ನೀವು ಚೆನ್ನಾಗಿ ಹೇಳ್ತೀರಿ.” ನನ್ನ ಮೂಗು ನೋಡಿದ. ವಾರೆಯಾಗಿಯೇ ಕೂಡಿಕೊಂಡಿದೆ. “ನೀವು ನನಗೋಸ್ಕರ ಹೊಡೆಸ್ಕೊಂಡ್ರಿ. ಅದನ್ನ ಮರೆಯಲ್ಲ. ಆದ್ರೆ ಒಂಬತ್ತನೇ ಮಹಡಿಗೆ ಹತ್ತಬೇಕಾದವನು ನಾನು.”

ನಡೆದುಕೊಂಡೇ ಸಂಸ್ಥೆಯ ಆಫೀಸಿಗೆ ಹೋದ. ನಾವು ಹಿಂದೆ. ಬಾಗಿಲಿನ ಅಂಚೆ ಕಿಂಡಿಯಲ್ಲಿ ಕೀ ಹಾಕಿದ. ಒಳಗೆ ಚಾಪೆಯ ಮೇಲೆ ಬಿತ್ತು.

ಬರ್ನಡೆಟ್ ಅತ್ತಳು. ಅವಳು ಅಳುವುದನ್ನು ನೋಡಿರಲಿಲ್ಲ. ನನಗೆ ಬಂದದ್ದು ಸಿಟ್ಟು. ಆತನ ಮೇಲೆ. ಭುಜ ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು. ಕೈ ಮುಂದೆ ಹೋಗಿತ್ತು, ಸುತ್ತಿಗೆ ಬಿದ್ದ ಭುಜದ ಕಡೆಗೇ. ಆತ ಹಿಂದೆ ಸರಿದ. ಡ್ಯಾಕ್ಸ್‌ಗೆ ಸರಿದಿರಬಹುದಾದ ಹಾಗೇ ಸರಿದ.

ಇದನ್ನು ಬರ್ನಡೆಟ್ ನೋಡಿಲ್ಲ.


ಜನವರಿ 15, ಸೋಮವಾರ

ಸ್ಕೆಲ್ಟನ್ ಬೇರೆ ಮನೆ ಕೇಳಿ ಹಾಕಿದ ಅರ್ಜಿಗೆ ಕೌನ್ಸಿಲ್ ನಿರ್ಧಾರ ಬಂತು. ಅಂದುಕೊಂಡದ್ದೇ. ಸುರಕ್ಷಿತವಾದ ಮನೆಯನ್ನು ಅರ್ಜಿದಾರ ಸ್ವಇಚ್ಛೆಯಿಂದ ತೊರೆದಿದ್ದಾನೆ. ಸುರಕ್ಷಿತ ಎನ್ನುವುದಕ್ಕೆ ಆಧಾರ: ಏಪ್ರಿಲ್‌ನಲ್ಲಿ ಆತನ ಪರ ವಕೀಲೆಯೇ ಕೋರ್ಟಿನಲ್ಲಿ ಮಾಡಿದ ವಾದ. ನನ್ನ ವಾಕ್ಯಗಳು, ಉಲ್ಲೇಖ ಚಿಹ್ನೆಯೊಳಗೆ. ಚೆನ್ನಾಗಿ ಬರೆದಿದ್ದೆ.

ಮರುಪರಿಶೀಲನೆ ಕೇಳಲು ಮೂರು ವಾರ. ಸ್ಕೆಲ್ಟನ್ ನಾವಿಕರ ತಂಗುದಾಣದಲ್ಲಿದ್ದಾನೆ. ತಿಂಗಳ ಕೊನೆವರೆಗೆ ಮಂಚ. ಹೊಸ ಹೇಳಿಕೆ ಬೇಕು ಅಂತ ಫೋನ್ ಮಾಡಿದೆ.

“ಮತ್ತೆ ಹೇಳೋದಿಲ್ಲ. ನಿಮಗೆ ಹೇಳಿದೆ, ಜಡ್ಜಿಗೆ ಹೇಳಿದೆ, ಪೊಲೀಸಿಗೆ, ಜ್ಯೂರಿಯ ಆ ಹನ್ನೆರಡು ಜನಕ್ಕೆ. ಹೇಳಿದಾಗೆಲ್ಲ ಕೈ ಸುಡುತ್ತೆ.” ಹಿಂದೆ ಯಾರೋ ಕೆಮ್ಮಿದರು. “ನಿಮಗೆ ಗೊತ್ತಲ್ಲ. ನೀವೇ ಬರೀರಿ.”


ಜನವರಿ 24, ಬುಧವಾರ. ಮಧ್ಯಾಹ್ನ

ಮಂಚ ತಿಂಗಳ ಕೊನೆವರೆಗೆ ಮಾತ್ರ; ಗಡುವಿಗೆ ಕಾಯದೆ ನಾಳೆಯೇ ಕಳಿಸಬೇಕು. ಕೌನ್ಸಿಲ್ ಪರ ಜೈಲ್ಸ್. ಈ ಸಲ ಫೈಲು ಓದಿರುತ್ತಾನೆ.

ಬೆಳಿಗ್ಗೆಯಿಂದ ಬರ್ನಡೆಟ್ ಆಫೀಸಿನಲ್ಲಿ ಕೂತು ಹನ್ನೊಂದು ಸಲ ಶುರುಮಾಡಿ ಹರಿದೆ. ಕಾನೂನು ಕಷ್ಟವಿಲ್ಲ: ಇರಲು ಆಗದಂಥ ಮನೆ ಬಿಟ್ಟವನು ಬೇಕೆಂದು ಬಿಟ್ಟವನಲ್ಲ. ಒಂದೇ ವಾಕ್ಯ ಬೇಕು. ಆ ಮನೆಯಲ್ಲಿ ಇರಲು ಏಕೆ ಆಗುತ್ತಿರಲಿಲ್ಲ. ಆತ ಮಾರ್ಚಿನಲ್ಲೇ ಹೇಳಿದ್ದ, ಜುಲೈಯಲ್ಲೂ ಹೇಳಿದ್ದ. ಇರಬಹುದು, ಇರಬೇಕು ಎಂದು ಸಾಧಿಸಿದವಳು ನಾನು. ಎರಡು ಸಲ.

ಬರ್ನಡೆಟ್ ಈಗ ತಾನೇ ಇಣುಕಿದಳು. “ಆಯ್ತಾ ಕಣೇ?”

“ಬರೀತಿದ್ದೀನಿ.”

ಬರೆಯುತ್ತೇನೆ. ಇಲ್ಲಿ ಒಮ್ಮೆ ಬರೆದರೆ ಅಲ್ಲಿ ಬರುತ್ತದೆ.

ಆಲ್ವಿನ್ ಸ್ಕೆಲ್ಟನ್ ಆ ಮನೆಗೆ ಹಿಂತಿರುಗಬೇಕೆಂದು ಯಾರೂ ನಿರೀಕ್ಷಿಸಬಾರದಿತ್ತು, ನಾನೂ ಕೂಡ, ಏಕೆಂದರೆ —