ತುಂಬಿದ ಬಾಟಲಿಗಳು

ಕಾಮಾಕ್ಷಿಪಾಳ್ಯ,
ಮಂಗಳವಾರ

ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಅವರಿಗೆ ನಮಸ್ಕಾರ.

ನಾಯಕತ್ವದ ತರಬೇತಿ ಹೇಗಿತ್ತೆಂದು ಕೇಳಿದ್ದಿರಿ. ಚೆನ್ನಾಗಿತ್ತು. ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದು ತೋರಿಸಿದರು. ತೀರಾ ಕೆಳಗಿನ ಮೆಟ್ಟಿಲಲ್ಲಿ ಅನ್ನ, ನೀರು, ನಿದ್ದೆ ಇದ್ದವು. ಹೊರಡುವಾಗ ನಮ್ಮ ವಾರ್ಡಿನ ನರ್ಸ್‌ಗಳೂ ಸೇರಿ ಎಲ್ಲರಿಗೂ ಒಂದೊಂದು ಸ್ಟೀಲ್ ನೀರಿನ ಬಾಟಲಿ ಕೊಟ್ಟರು.

ನಮ್ಮ ಹುಡುಗಿಯರು ಬೆಳಿಗ್ಗೆ ತುಂಬಿಸಿ ತಂದ ಆ ಬಾಟಲಿಗಳನ್ನು ಡ್ಯೂಟಿ ಮುಗಿದ ಮೇಲೆ ಹಾಗೆಯೇ ಮನೆಗೆ ಒಯ್ಯುತ್ತಾರೆ. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ. ಹೋದರೆ ರೋಗಿಗಳನ್ನು ನೋಡಿಕೊಳ್ಳಲು ಇನ್ನೊಬ್ಬರಿಲ್ಲ. ಮುಂದಿನ ತರಬೇತಿಯ ಬದಲು ಪ್ರತಿ ಶಿಫ್ಟಿಗೂ ಒಬ್ಬ ನರ್ಸನ್ನು ಹೆಚ್ಚಿಗೆ ಕೊಡಿ.

ಸ್ಟಾಫ್ ನರ್ಸ್ ಕುಸುಮಾ ಯಾಕೆ ಗೈರುಹಾಜರಿ ಎಂದು ನೋಟಿಸ್ ಕಳಿಸಿದ್ದೀರಿ. ಅವಳು ವಾರ್ಡಿನಲ್ಲೇ ಇದ್ದಾಳೆ, ಕಿಟಕಿ ಪಕ್ಕದ ಬೆಡ್ಡಿನಲ್ಲಿ. ಮೂತ್ರದ ಸೋಂಕು, ಚಳಿಜ್ವರ. ಗಾರ್ಮೆಂಟ್ಸ್ ಫ್ಯಾಕ್ಟರಿಗಳಿಂದ ಇದೇ ಕಾಯಿಲೆಯಾಗಿ ಬರುವ ಹೆಂಗಸರಿಗೆ, "ನೀರು ಕುಡೀಬೇಕಮ್ಮ, ತಡ್ಕೊಂಡು ಕೂರಬಾರದು" ಎಂದು ಬುದ್ಧಿ ಹೇಳುತ್ತಿದ್ದವಳು ಅವಳೇ. ದಯವಿಟ್ಟು ನೋಟಿಸ್ ವಾಪಸ್ ತೆಗೆದುಕೊಳ್ಳಿ.

ಇವತ್ತು ಡ್ರಿಪ್ ಬದಲಿಸುವಾಗ ನೋಡಿದೆ, ಅವಳ ಸ್ಟೀಲ್ ಬಾಟಲಿ ಖಾಲಿಯಾಗಿತ್ತು. ನಕ್ಕು ಹೇಳಿದಳು: "ಈಗ ನಾನು ಪೇಷಂಟ್ ಅಲ್ವಾ ಸಿಸ್ಟರ್, ಕುಡೀಬಹುದು."

ಅವಳ ಡ್ಯೂಟಿಯನ್ನೂ ಮಾಡುತ್ತಿರುವ,
ಜಗದಾಂಬಾ
ಮಹಿಳಾ ವಾರ್ಡ್ ಇನ್‌ಚಾರ್ಜ್